ಟಿರೋ ಬರೆದ ಉತ್ತರ

ನಮ್ಮ ಮನೆಯಲ್ಲಿ ಜಗಳಗಳನ್ನು ಬರೆದಿಡುತ್ತಿದ್ದರು. ಬರೆಯುತ್ತಿದ್ದವಳು ಅಮ್ಮ. ಅವಳು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ಬಿಡಿಸಿ ಟೈಪ್ ಮಾಡುವುದು ಅವಳ ಕೆಲಸ. ಅಪ್ಪ ತುಂಬಾ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಇಬ್ಬರೂ ಮೈಸೂರಿನವರು, ನೌಕರಿಗೆಂದು ಬಂದು ಕಳಕ್ಕೂಟಂನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ನನ್ನನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಅಂತ ಬಂದವಳು ಹದಿನಾಲ್ಕು ವರ್ಷವಾದರೂ ಆ ಆರು ತಿಂಗಳನ್ನು ಮುಗಿಸಿರಲಿಲ್ಲ. ಜಗಳ ಬರೆದಿಡುವ ಪದ್ಧತಿ ಶುರುವಾದದ್ದು ಕೊಬ್ಬರಿ ಎಣ್ಣೆಯಿಂದ. ಅದರಲ್ಲಿ ಮಾಡಿದ ಪಲ್ಯ ತಿನ್ನುತ್ತೇನೆಂದು ತಾನು ಯಾವತ್ತೂ ಒಪ್ಪಿರಲಿಲ್ಲ ಎಂದು ಅಜ್ಜಿ, ಹೋದ ವಾರವಷ್ಟೇ ಒಪ್ಪಿದ್ದಳು ಎಂದು ಅಪ್ಪ. ಇಬ್ಬರೂ ಸಾಕ್ಷಿಗೆ ಅಮ್ಮನನ್ನೇ ಕರೆಯುತ್ತಿದ್ದರು. ಬೇಸತ್ತ ಅಮ್ಮ ಒಂದು ಸಂಜೆ ಮೇಲಕ್ಕೆ ಮಗುಚುವ ತನ್ನ ಉದ್ದನೆಯ ಪ್ಯಾಡ್ ತಂದು, ಅಡುಗೆಮನೆ ಬಾಗಿಲ ಪಕ್ಕದ ಅಕ್ಕಿ ಡಬ್ಬದ ಮೇಲೆ ಕೂತು, ಅವರಾಡಿದ್ದನ್ನು ಆಡಿದ ಹಾಗೇ ಇಳಿಸಿಕೊಂಡಳು. ಮರುದಿನ ಕಾಫಿಯ ಹೊತ್ತಿಗೆ, ಬಸ್ಸಿನ ಬೋರ್ಡು ಓದುವ ದನಿಯಲ್ಲಿ ಓದಿದಳು.

“ಅತ್ತೆ: ಆ ಎಣ್ಣೆ ನಾನು ಮುಟ್ಟೋದೂ ಇಲ್ಲ. ಇವರು: ಹಾಗಾದ್ರೆ ಉಪವಾಸ ಇರು. ಅತ್ತೆ: ಇರ್ತೀನಿ. ಅತ್ತೆ: ಹಪ್ಪಳ ಕರಿಯೋಕೆ ಪರವಾಗಿಲ್ಲ.”

ಅಜ್ಜಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಈ ಏರ್ಪಾಡು ಅವಳಿಗೆ ಹಿಡಿಸಿಬಿಟ್ಟಿತು. ಜಗಳದ ಮಧ್ಯೆ ತಾನು ಒಳ್ಳೆಯ ಮಾತೊಂದನ್ನು ಆಡಿದೆ ಅನ್ನಿಸಿದರೆ ಅಮ್ಮನ ಕಡೆ ತಿರುಗಿ ಇದನ್ನೂ ಬರ್ಕೋ ಅನ್ನುವಳು. ಅಪ್ಪನಿಗೆ ಯಾವುದೇ ವಿಷಯಕ್ಕೂ ದಾಖಲೆ ಇರಬೇಕು, ಹಾಗಾಗಿ ಅವನದೂ ತಕರಾರಿರಲಿಲ್ಲ. ಅಮ್ಮ ಮೈಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಶೀಘ್ರಲಿಪಿ ಕಲಿತಿದ್ದಳು. ಕೇರಳದಲ್ಲಿ ಕನ್ನಡದ್ದನ್ನು ಕೇಳುವವರಿಲ್ಲ. ಕಷ್ಟಪಟ್ಟು ಕಲಿತ ಆ ವಿದ್ಯೆ ಹೀಗೆ ನಮ್ಮ ಮನೆಯ ಎಣ್ಣೆ, ಅಕ್ಕಿ, ರಾಗಿಯ ವ್ಯಾಜ್ಯಗಳಿಗೆ ಬಳಕೆಯಾಯಿತು. ರಾಗಿಯದೇ ಒಂದು ಕಥೆ. ಅಲ್ಲಿ ರಾಗಿಯೆಂದರೆ ಎಳೆಕೂಸಿನ ಆಹಾರ. ನಾವು ಕೇಳಿದಾಗಲೆಲ್ಲ ಅಂಗಡಿಯಣ್ಣ “ಕುಞ್ಞಿನಾ?” ಅನ್ನುತ್ತಿದ್ದ, ಮಗುವಿಗಾ ಅಂತ. ಅಪ್ಪ ಹೌದೆಂದು ತಲೆಯಾಡಿಸಿ ಎರಡೆರಡು ಕಿಲೋ ತರುತ್ತಿದ್ದ. ನಮ್ಮ ಮನೆಯಲ್ಲಿ ಎಷ್ಟು ಕೂಸುಗಳಿವೆಯೆಂದು ಆತ ತಿಳಿದಿದ್ದನೋ, ದೇವರೇ ಬಲ್ಲ. ಬಾಗಿಲಾಚೆಗೆ ಮಲಯಾಳ, ಕಚೇರಿಯಲ್ಲಿ ಇಂಗ್ಲಿಷ್, ಮನೆಯೊಳಗೆ ಕನ್ನಡ. ನಾನು ಮಾತ್ರ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಜಾತಿ. ಅಪ್ಪ ಮನೆಗೆ ಬಂದರೆ ಪೇಪರಿನ ಹಿಂದೆ ಮಾಯವಾಗುವವನು. ಆದ್ದರಿಂದ ಅಜ್ಜಿಯ ಮಾತಿಗೆಲ್ಲ ಅಮ್ಮನೇ ಗತಿಯಾಗಿದ್ದಳು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಚರಿತ್ರೆಯ ಶೀಲಾ ಟೀಚರ್ ಸೀಮೆಸುಣ್ಣದ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿಕೊಂಡು ಬಂದರು. ಒಂದೊಂದರಲ್ಲಿ ಒಬ್ಬ ಪ್ರಾಚೀನ ರೋಮನ್ನನ ಹೆಸರು. ಯಾರ ಚೀಟಿ ಬರುತ್ತದೋ ಅವರ ಜೀವನವನ್ನು ಹುಡುಕಿ ಓದಿ, ಒಂದು ತಿಂಗಳ ನಂತರ ಅವರ ವೇಷದಲ್ಲೇ ಬಂದು, ನಾನು ಇಂಥವನು ಎಂದು ಹತ್ತು ನಿಮಿಷ ಮಾತಾಡಬೇಕು. ನಿಯಮ ಒಂದೇ: ಕಟ್ಟುಕಥೆ ಹೇಳಕೂಡದು. ಯಾವುದು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ತೋರಿಸಬೇಕು. ನನಗೆ ಬಂದವನು ರೋಮಿನ ಅತಿ ದೊಡ್ಡ ಭಾಷಣಕಾರ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಎರಡು ಸಾವಿರ ವರ್ಷಗಳಿಂದ ಎಲ್ಲರೂ ಬರೆಯುತ್ತಲೇ ಬಂದಿದ್ದಾರೆ, ನಾನೊಬ್ಬಳು ಬಿಟ್ಟರೆ ಅವನಿಗೇನೂ ಕಡಿಮೆಯಾಗದು. ಶನಿವಾರ ನಗರದ ಗ್ರಂಥಾಲಯಕ್ಕೆ ಹೋಗಿ ದಪ್ಪ ಪುಸ್ತಕ ತೆರೆದೆ. ಮೊದಲ ಇಪ್ಪತ್ತು ಪುಟಕ್ಕೇ ಆಕಳಿಕೆ ಬಂತು. ಇಪ್ಪತ್ತೊಂದನೇ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿಯಿತ್ತು. ಈ ಭಾಷಣಗಳನ್ನು ಆಡುವ ವೇಗದಲ್ಲೇ ಬರೆದುಕೊಳ್ಳಲು ಅವನ ಗುಲಾಮ, ಕಾರ್ಯದರ್ಶಿ ಟಿರೋ ಎಂಬವನು ಒಂದು ಸಂಕೇತಲಿಪಿಯನ್ನು ಕಂಡುಹಿಡಿದನೆಂದು ಹೇಳುತ್ತಾರೆ. ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದೆ. ಸಾರು ಬಡಿಸುತ್ತಿದ್ದ ಅಮ್ಮನ ಸೌಟು ಅಪ್ಪನ ತಟ್ಟೆಯ ಮೇಲೇ ನಿಂತಿತು. ಅವಳು ಹಾಗೆ ನಿಂತದ್ದನ್ನು ನಾನು ನೋಡಿರಲೇ ಇಲ್ಲ. ಆಮೇಲೆ ಪ್ರಶ್ನೆಗಳ ಸುರಿಮಳೆ. ಯಾತರ ಮೇಲೆ ಬರೀತಿದ್ದ? ಮೇಣ ಮೆತ್ತಿದ ಹಲಗೆ ಮೇಲೆ. ಮೇಣವಾದರೆ ಬೇಸಿಗೆಯಲ್ಲಿ ಗೀಟು ಕೂಡಿಕೊಳ್ಳುವುದಿಲ್ಲವೇ? ಒಂದು ನಿಮಿಷಕ್ಕೆ ಎಷ್ಟು ಪದ? ಅವನು ಬರೆದದ್ದನ್ನು ಬಿಡಿಸುತ್ತಿದ್ದವರು ಯಾರು, ಅವನೇನಾ ಅಥವಾ ಬೇರೆಯವರಿಗೂ ಕಲಿಸಿದ್ದನಾ? ರಜೆ ಇತ್ತಾ? ಹಲಗೆಯೊಂದು ಬಿಟ್ಟರೆ ಉಳಿದ ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಸೋಮವಾರವಾಗಿದ್ದರೆ ಅವಳೇ ಗ್ರಂಥಾಲಯಕ್ಕೆ ಹೋಗುತ್ತಿದ್ದಳೇನೋ. ಸೋಮವಾರ ನಾನು ಶೀಲಾ ಟೀಚರ್ ಹತ್ತಿರ ಹೋಗಿ ಯಜಮಾನನ ಬದಲು ಗುಲಾಮನನ್ನು ಕೊಡಿ ಎಂದು ಕೇಳಿದೆ. ಅವನ ಬಗ್ಗೆ ಗೊತ್ತಿರುವುದೇ ಬಹಳ ಕಡಿಮೆ, ಹತ್ತು ನಿಮಿಷ ಹೇಗೆ ತುಂಬಿಸುತ್ತೀಯ ಅಂದರು ಟೀಚರ್. ತುಂಬಿಸುತ್ತೇನೆ ಅಂದೆ. ಜಂಬ ನನಗೆ ಸಣ್ಣಂದಿನಿಂದಲೂ ಕಡಿಮೆಯಿರಲಿಲ್ಲ.

ಆ ತಿಂಗಳಿಡೀ ಟಿರೋ ನಮ್ಮ ಮನೆಯಲ್ಲೇ ಬಾಡಿಗೆಗಿದ್ದ. ಅಪ್ಪ ಪ್ಲೈವುಡ್ ಕತ್ತರಿಸಿ, ಅಂಚು ಕಟ್ಟಿ, ಕರಗಿಸಿದ ಮೇಣ ಸುರಿದು ಹಲಗೆ ಮಾಡಿದ. ಮೊದಲನೆಯದರಲ್ಲಿ ಮೇಣ ಬಿರುಕು ಬಿಟ್ಟಿತು, ಎರಡನೆಯದು ಜಿಗುಟಾಯಿತು. ಮೂರನೆಯದಕ್ಕೆ ಯಾವುದೋ ಎಣ್ಣೆ ಬೆರೆಸಿ, ಬೇರೆ ಬೇರೆ ಅಳತೆಯ ತುಣುಕುಗಳನ್ನು ಕಿಟಕಿಯಲ್ಲಿ ಸಾಲಾಗಿ ಒಣಗಿಸಿ, ರಾಕೆಟ್ಟಿಗೆ ಮಾಡುವಷ್ಟೇ ಶ್ರದ್ಧೆಯಿಂದ ಪರೀಕ್ಷೆ ಮಾಡಿದ. ಅಜ್ಜಿಯ ಆಸಕ್ತಿ ಬೇರೆ. ಅವನಿಗೆ ಮದುವೆಯಾಗಿತ್ತಾ? ಗೊತ್ತಿಲ್ಲ. ಮಕ್ಕಳು? ಗೊತ್ತಿಲ್ಲ. ಎಷ್ಟು ವರ್ಷ ಬದುಕಿದ? ಸುಮಾರು ನೂರು ಅನ್ನುತ್ತಾರೆ. ಹಾಗಿದ್ದರೆ ಮದುವೆಯಾಗಿರಲಿಕ್ಕಿಲ್ಲ ಎಂದು ಅಜ್ಜಿ ತೀರ್ಪು ಕೊಟ್ಟಳು. ನಿಜವಾಗಿ ಅವನನ್ನು ಅರ್ಥ ಮಾಡಿಕೊಂಡವಳು ಅಮ್ಮ. ಪುಸ್ತಕ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಅವಳು ಮುಂದಕ್ಕೆ ಹೋಗುತ್ತಿದ್ದಳು. ಪ್ರತಿಯೊಬ್ಬ ಸಾಹೇಬನಿಗೂ ಹತ್ತಿಪ್ಪತ್ತು ಮೆಚ್ಚಿನ ವಾಕ್ಯ ಇರುತ್ತವಂತೆ. ಸ್ಟೆನೋ ಮೊದಲ ವಾರವೇ ಅವಕ್ಕೆ ಒಂದೊಂದು ಗೀಟು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ, ಟಿರೋನೂ ಅಲ್ಲಿಂದಲೇ ಶುರು ಮಾಡಿರಬೇಕು. ಸಾಹೇಬರು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಅದನ್ನು ಮುಗಿಸುವುದು ಯಾರು? ಕ್ರಿಯಾಪದ ತಪ್ಪಿದರೆ ಸರಿ ಮಾಡುವುದು ಯಾರು? ಟೈಪಾಗಿ ಬಂದದ್ದನ್ನು ಓದಿ ಸಾಹೇಬರು ತಾವೇ ಹಾಗೆ ಹೇಳಿದ್ದೆವು ಅಂದುಕೊಳ್ಳುತ್ತಾರೆ. ಇದೆಲ್ಲ ಪುಸ್ತಕದಲ್ಲಿಲ್ಲ, ಹೇಳಿದರೆ ಟೀಚರ್ ಒಪ್ಪಲ್ಲ ಅಂದೆ. ನನಗೂ ಗೊತ್ತು, ಸುಮ್ಮನೆ ನಿನಗೆ ಹೇಳಿದೆ ಅಂದಳು. ಕೊನೆಗೆ ಯಜಮಾನನನ್ನು ಅವನ ವೈರಿಗಳು ಕೊಂದು, ತಲೆಯನ್ನೂ ಆ ಭಾಷಣಗಳನ್ನು ಬರೆದ ಕೈಗಳನ್ನೂ ಕಡಿದು ಎಲ್ಲರಿಗೂ ಕಾಣುವಂತೆ ಇಟ್ಟರು ಎಂಬ ಭಾಗವನ್ನು ಓದಿದ ದಿನ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು.

“ಬರೆದಿದ್ದು ಟಿರೋ ಕೈ ಅಲ್ವಾ?”

ಇಷ್ಟರಲ್ಲಿ ಅಮ್ಮನಿಗೆ ಬಡ್ತಿಯ ಕಾಗದ ಬಂತು. ಒಂದು ದರ್ಜೆ ಮೇಲಿನ ಹುದ್ದೆ, ಆದರೆ ಕೊಚ್ಚಿಯ ಕಚೇರಿಗೆ ವರ್ಗ. ಒಪ್ಪಿಗೆಯೋ ಅಲ್ಲವೋ ಹದಿನೈದು ದಿನದಲ್ಲಿ ಬರೆದು ತಿಳಿಸಬೇಕು. ಈ ಸಲ ಬೇಡವೆಂದರೆ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು, ಅಷ್ಟರಲ್ಲಿ ಹಿಂದಿನವರೆಲ್ಲ ಮುಂದಾಗಿರುತ್ತಾರೆ. ಅಮ್ಮ ಆ ಕಾಗದವನ್ನು ಸಂಜೆ ಕಾಫಿ ಲೋಟಗಳ ಪಕ್ಕ ಇಟ್ಟು, ಎಂದಿನಂತೆ ಪ್ಯಾಡ್ ಹಿಡಿದು ಅಕ್ಕಿ ಡಬ್ಬದ ಮೇಲೆ ಕೂತಳು. ಅದು ಜಗಳವೆಂದು ಶುರುವಾಗಲಿಲ್ಲ, ಎಲ್ಲರೂ ತುಂಬ ಸಮಾಧಾನವಾಗಿಯೇ ಮಾತಾಡಿದೆವು. ತಾನು ಬೇಡ ಅನ್ನುವವನಲ್ಲ ಎಂದು ಮೂರು ಸಲ ಹೇಳಿದ ಅಪ್ಪ, ಉಡಾವಣೆಯ ದಿನಗಳಲ್ಲಿ ತಾನು ಮನೆಗೆ ಬರುವುದೇ ಇಲ್ಲವೆಂಬುದನ್ನು ನಾಲ್ಕು ಸಲ ಹೇಳಿದ. ಅಜ್ಜಿ ಅಡುಗೆಯ ಮಾತು ಎತ್ತುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಎತ್ತಲಿಲ್ಲ. ಗಂಜಿ ಕುಡಿದುಕೊಂಡಾದರೂ ಇರುತ್ತೇನೆ, ಆದರೆ ಈ ಊರಲ್ಲಿ ನಾನು ಬಾಯಿಬಿಟ್ಟು ಮಾತಾಡುವುದು ಇವಳೊಬ್ಬಳ ಹತ್ತಿರ, ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನೇನು ಹೇಳಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮರುದಿನ ಅದನ್ನು ಅಮ್ಮನ ಬಾಯಲ್ಲಿ ಕೇಳಿದೆ.

“ಸುಮಿ: ಮುಂದಿನ ವರ್ಷ ನಂದು ಹತ್ತನೇ ಕ್ಲಾಸು. ಅಮ್ಮ ಹೋದ್ರೆ ನಾನು ಫೇಲ್ ಆಗ್ತೀನಿ. ಆಮೇಲೆ ನನ್ನನ್ನ ಯಾರೂ ಕೇಳಬೇಡಿ.”

ದನಿಯಲ್ಲಿ ಒಂದಿಷ್ಟೂ ಏರಿಳಿತವಿಲ್ಲದೆ ಓದಿ ಅಮ್ಮ ಪ್ಯಾಡ್ ಮುಚ್ಚಿದಳು. ನನಗೆ ನಾಚಿಕೆಯಾಯಿತು, ಆದರೆ ಮಾತು ಹಿಂದೆ ತೆಗೆದುಕೊಳ್ಳುವಷ್ಟಲ್ಲ. ಅವಳು ಹೋಗಬಾರದು, ಅಷ್ಟೇ. ಬೆಳಗ್ಗೆ ಅವಳು ಬಸ್ಸಿಗೆ ಓಡುವ ಮುಂಚೆ ನನ್ನ ಜಡೆಯ ತುದಿ ಎಳೆದು ಹೋಗುತ್ತಿದ್ದಳು, ಅದಿಲ್ಲದೆ ದಿನ ಶುರುವಾಗುವುದನ್ನು ಊಹಿಸಲೂ ಆಗುತ್ತಿರಲಿಲ್ಲ. ಅಮ್ಮ ಮಾತ್ರ ಕಾಗದದ ಬಗ್ಗೆ ಮತ್ತೆ ಸೊಲ್ಲೆತ್ತಲಿಲ್ಲ. ಟಿರೋನ ಬಗ್ಗೆ ಎತ್ತಿದಳು. ಯಜಮಾನ ಅವನಿಗೆ ಬರೆದ ಪತ್ರಗಳು ಉಳಿದಿವೆ ಎಂದು ನಾನು ಓದಿದ್ದೆ, ಪತ್ರಗಳ ಪುಸ್ತಕ ಮಾತ್ರ ನಮ್ಮ ಗ್ರಂಥಾಲಯದಲ್ಲಿರಲಿಲ್ಲ. ಅದು ಎರ್ನಾಕುಲಂನ ಒಂದು ಹಳೆಯ ಗ್ರಂಥಾಲಯದಲ್ಲಿದೆಯೆಂದು ಅವಳು ಕಚೇರಿಯ ಫೋನಿನಿಂದ ವಿಚಾರಿಸಿಕೊಂಡು ಬಂದಳು. ನಾಳೆ ರಜೆ ಹಾಕುತ್ತೇನೆ, ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಬರೋಣ ಅಂದಳು. ಒಂದು ಶಾಲೆಯ ಪಾಠಕ್ಕೆ ಅಷ್ಟು ದೂರವಾ ಎಂದು ಅಪ್ಪ ಹುಬ್ಬೇರಿಸಿದ. ನನಗಂತೂ ಹೆಮ್ಮೆ.

ಆ ಪುಸ್ತಕವನ್ನು ಹೊರಗೆ ಕೊಡುತ್ತಿರಲಿಲ್ಲ. ಜೆರಾಕ್ಸ್ ಯಂತ್ರ ಕೆಟ್ಟಿತ್ತು. ಕಿಟಕಿ ಪಕ್ಕದ ಮೇಜಿನಲ್ಲಿ ನಾನು ಪಿಸುದನಿಯಲ್ಲಿ ಓದಿದೆ, ಅಮ್ಮ ಬರೆದುಕೊಂಡಳು. ಅಕ್ಕಪಕ್ಕದವರು ನಮ್ಮನ್ನೇ ನೋಡುತ್ತಿದ್ದರು. ಒಬ್ಬ ಸ್ಟೆನೋಗೆ ಅವನ ಸಾಹೇಬ ಬರೆದ ಪತ್ರಗಳನ್ನು ಇನ್ನೊಬ್ಬ ಸ್ಟೆನೋ ಮತ್ತೆ ಗೀಟುಗಳಿಗೆ ಇಳಿಸುತ್ತಿದ್ದಾಳೆಂಬುದು ಆಗ ನನಗೆ ಹೊಳೆಯಲಿಲ್ಲ, ನನಗೆ ಬೇಗ ಮುಗಿಸಿ ಏನಾದರೂ ತಿನ್ನುವ ಆಸೆಯಿತ್ತು. ಪತ್ರಗಳಲ್ಲಿ ಟಿರೋ ಕಾಯಿಲೆ ಬಿದ್ದಿದ್ದಾನೆ. ಪ್ರಯಾಣದಲ್ಲಿ ಅವನನ್ನು ಗ್ರೀಸಿನ ಒಂದು ಊರಿನಲ್ಲಿ ಬಿಟ್ಟು ಯಜಮಾನ ಮುಂದೆ ಹೊರಟಿದ್ದಾನೆ, ದಾರಿಯುದ್ದಕ್ಕೂ ಕಾಗದ ಬರೆಯುತ್ತಾನೆ. ಪೂರ್ತಿ ಗುಣವಾಗುವ ತನಕ ಹಡಗು ಹತ್ತಬೇಡ, ಒಳ್ಳೆಯ ವೈದ್ಯನಿಗೆ ತೋರಿಸು, ಅವಸರ ಬೇಡ. ಇನ್ನೊಂದರಲ್ಲಿ, ನೀನಿಲ್ಲದೆ ನನ್ನ ಬರವಣಿಗೆಯೆಲ್ಲ ಸೊರಗಿದೆ ಅನ್ನುವ ಅರ್ಥದ ಮಾತು. ಎಷ್ಟು ಪ್ರೀತಿ ನೋಡು ಅಂದೆ ನಾನು. ಅಮ್ಮನ ಪೆನ್ಸಿಲ್ ಅಲ್ಲಿ ನಿಂತಿತು. ಅವನ ಉತ್ತರ ಓದು ಅಂದಳು. ಪುಟ ತಿರುವಿದೆ, ಮತ್ತೆ ಯಜಮಾನನದೇ ಪತ್ರ. ಕೊನೆಯ ತನಕ ತಿರುವಿದೆ. ಯಜಮಾನ ಬರೆದವು, ಯಜಮಾನನ ಮಗ ಬರೆದದ್ದು, ತಮ್ಮ ಬರೆದವು, ಎಲ್ಲ ಟಿರೋಗೇ. ಟಿರೋ ಬರೆದದ್ದು ಒಂದೂ ಇಲ್ಲ. ಯಜಮಾನ ಸತ್ತ ಮೇಲೆ ಅವನ ಕಾಗದಗಳನ್ನೆಲ್ಲ ಜೋಪಾನ ಮಾಡಿದವನು ಇವನೇ ಇರಬೇಕೆಂದು ಮುನ್ನುಡಿಯಲ್ಲಿತ್ತು. ಎಲ್ಲರದನ್ನೂ ಇಟ್ಟು ತನ್ನದನ್ನು ಇಟ್ಟುಕೊಳ್ಳಲಿಲ್ಲವಾ ಎಂದು ಅಮ್ಮ ಕೇಳಿದಳು, ನನ್ನನ್ನಲ್ಲ.

ಅಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗುತ್ತೇವೆ ಅಂದುಕೊಂಡಿದ್ದೆ. ಅಮ್ಮ ದೋಣಿಯ ಜೆಟ್ಟಿಗೆ ನಡೆದು, ಹಿನ್ನೀರಿನಾಚೆಯ ಹಳೆಯ ಕೊಚ್ಚಿಯ ಮಟ್ಟಾಂಚೇರಿಗೆ ಎರಡು ಟಿಕೆಟ್ ತೆಗೆದುಕೊಂಡಳು. ದೋಣಿಯಿಂದ ಇಳಿದರೆ ಒಣಶುಂಠಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು, ಬೀದಿಯ ಎರಡೂ ಕಡೆ ಗೋಣಿಚೀಲ ತುಂಬಿದ ಗೋದಾಮುಗಳು. ಅವುಗಳ ನಡುವೆ ಒಂದು ಮಹಡಿ ಮನೆ, ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್. ಬೀಗದ ಕೈಗಳ ಗೊಂಚಲು ಹಿಡಿದ ವಾರ್ಡನ್ ನಮ್ಮನ್ನು ಮೇಲಕ್ಕೆ ಕರೆದೊಯ್ದು ಒಂದು ಕೋಣೆ ತೆರೆದಳು. ಮಂಚ, ಬೀರು, ಕಿಟಕಿ ಪಕ್ಕ ಒಂದು ಮೇಜು, ಕುರ್ಚಿ. ಅಮ್ಮ ಊಟದ ಬಗ್ಗೆ ಕೇಳಲಿಲ್ಲ, ನೀರಿನ ಬಗ್ಗೆ ಕೇಳಲಿಲ್ಲ. ಮೇಜು ಇಲ್ಲೇ ಇರುತ್ತದಾ, ತೆಗೆದುಬಿಡುತ್ತೀರಾ ಎಂದು ಮಲಯಾಳದಲ್ಲಿ ಕೇಳಿದಳು. ಇರುತ್ತದೆ ಅಂದಳು ವಾರ್ಡನ್. ಅಮ್ಮ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಎರಡೂ ಅಂಗೈ ಇಟ್ಟಳು. ನಮ್ಮ ಮನೆಯಲ್ಲಿ ಅಪ್ಪನಿಗೆ ಮೇಜಿತ್ತು, ನನಗೊಂದಿತ್ತು. ಅವಳಿಗೆ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಇದು ಈಗಿನ ಬುದ್ಧಿ. ಆವತ್ತು ಮಂಚದ ತುದಿಯಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಕ ನೆಪ, ನಾನು ನೆಪ, ಇವಳು ಬಂದದ್ದು ಇದಕ್ಕೇ. ವಾಪಸು ರೈಲಿನಲ್ಲಿ ಅವಳಿಗೆ ಬೆನ್ನು ಹಾಕಿ ಕಿಟಕಿಯ ಕಡೆ ಕೂತೆ. ಯಾರಿಗೂ ಹೇಳಬೇಡ ಎಂದು ಅವಳು ಕೇಳಿಕೊಳ್ಳಲೂ ಇಲ್ಲ. ನಾನೇ ಮನೆಯಲ್ಲಿ ಬಾಯಿಬಿಡಲಿಲ್ಲ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ.

ಹದಿನೈದು ದಿನದಲ್ಲಿ ಎರಡೇ ಉಳಿದಿದ್ದಾಗ ನನ್ನ ಸರದಿ ಬಂತು. ತರಗತಿಯ ತುಂಬ ಬೆಡ್‌ಶೀಟ್ ಸುತ್ತಿಕೊಂಡ ಚಕ್ರವರ್ತಿಗಳು. ನೀರೋ ಆದವನು ಅಣ್ಣನ ಪಿಟೀಲು ತಂದಿದ್ದ, ಆ ಕಾಲದಲ್ಲಿ ಪಿಟೀಲೇ ಇರಲಿಲ್ಲವೆಂದು ಟೀಚರ್ ಅದನ್ನು ಕೆಳಗಿಡಿಸಿದರು. ನಾನು ಅಪ್ಪನ ಹಳೆಯ ಪಂಚೆಯಲ್ಲಿ, ಮೇಣದ ಹಲಗೆ ಹಿಡಿದು ನಿಂತೆ. ಒಂದು ಮಾತನ್ನೂ ಕಟ್ಟಿ ಹೇಳಲಿಲ್ಲ, ಪ್ರತಿಯೊಂದಕ್ಕೂ ಪುಟಸಂಖ್ಯೆ ಇತ್ತು. ಯಜಮಾನ ನನಗೆ ಹೀಗೆ ಬರೆದ, ಹಾಗೆ ಬರೆದ, ನನ್ನನ್ನು ಸ್ವತಂತ್ರನನ್ನಾಗಿ ಮಾಡಿದಾಗ ಅವನ ತಮ್ಮ ಹೀಗೆ ಸಂತೋಷಪಟ್ಟ, ಮಗ ನನಗೆ ಹೀಗೆ ತಮಾಷೆ ಮಾಡಿದ. ಹಲಗೆಯ ಮೇಲೆ ಅಮ್ಮ ಕಲಿಸಿಕೊಟ್ಟ ನಾಲ್ಕು ಗೀಟು ಗೀಚಿ ತೋರಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಮುಗಿಸಿ, ಚಪ್ಪಾಳೆಗೆ ಕಾದೆ. ಚಪ್ಪಾಳೆ ಬಂತು. ಆಮೇಲೆ ಶೀಲಾ ಟೀಚರ್ ಕೇಳಿದರು, ಟಿರೋ, ಇವರಿಗೆಲ್ಲ ನೀನು ಏನು ಉತ್ತರ ಬರೆದೆ? ಒಂದೂ ಉಳಿದಿಲ್ಲ ಟೀಚರ್ ಅಂದೆ. ಗೊತ್ತು ಅಂದರು. ಅವರು ಗದರುವವರಲ್ಲ, ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು:

“ಹತ್ತು ನಿಮಿಷ ನೀನು ಟಿರೋ ಆಗಿದ್ದೆ. ಟಿರೋ ಬಾಯಿಂದ ಒಂದು ಮಾತೂ ಬರಲಿಲ್ಲ. ಉತ್ತರ ಉಳಿದಿಲ್ಲ ಅನ್ನೋದನ್ನೇ ನೀನು ಮೊದಲು ಹೇಳಬೇಕಿತ್ತು. ನಿನಗೆ ಅದು ಕಾಣಲೇ ಇಲ್ಲ.”

ಎರ್ನಾಕುಲಂನಲ್ಲಿ ನಾನೇ ಪುಟ ತಿರುವಿ ಹುಡುಕಿದ್ದೆ, ಇಲ್ಲವೆಂದು ನಾನೇ ಅಮ್ಮನಿಗೆ ಹೇಳಿದ್ದೆ. ಆದರೂ ಮಾತು ಬರೆಯುವಾಗ ಅದನ್ನು ಸೇರಿಸಬೇಕೆಂದು ಅನ್ನಿಸಲಿಲ್ಲ. ಬರೆದುಕೊಳ್ಳುವವರಿಗೆ ತಮ್ಮದೊಂದು ಮಾತು ಇರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಬೆಳೆದವಳಿಗೆ ಗಾಳಿ, ಬೆಳಕಿನಷ್ಟೇ ಸಹಜವಾಗಿತ್ತು. ಬಸ್ಸಿನಲ್ಲಿ ಪಂಚೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ನೆನಪು ಮಾಡಿಕೊಳ್ಳತೊಡಗಿದೆ. ಎಣ್ಣೆಯ ಜಗಳ. ರಾಗಿಯ ಜಗಳ. ಟಿವಿ ಎಲ್ಲಿಡಬೇಕೆಂಬ ಜಗಳ. ಬಡ್ತಿಯ ಕಾಗದ. ಅತ್ತೆ ಹೇಳಿದ್ದು, ಇವರು ಹೇಳಿದ್ದು, ಸುಮಿ ಹೇಳಿದ್ದು. ಅಮ್ಮ ಓದಿದ ಎಷ್ಟೋ ಸಂಜೆಗಳನ್ನು ತಡಕಾಡಿದರೂ ‘ನಾನು’ ಎಂದು ಅವಳು ತನ್ನದೊಂದು ಸಾಲು ಓದಿದ್ದು ನೆನಪಿಗೆ ಬರಲಿಲ್ಲ. ಇವತ್ತು ನಾನು ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ, ಯಂತ್ರ ಕೇಳಿಸಿಕೊಂಡು ಬರೆದ ಮಾತುಗಳನ್ನು ತಿದ್ದುವ ಕೆಲಸ ಮಾಡುತ್ತೇನೆ. ಒಂದು ಸಭೆಯ ದಾಖಲೆ ಬಂದರೆ ಯಾರು ಏನು ಹೇಳಿದರು ಎಂದು ನೋಡುವ ಮುಂಚೆ ಯಾರು ಏನೂ ಹೇಳಲಿಲ್ಲ ಎಂದು ನೋಡುತ್ತೇನೆ. ಆ ಚಾಳಿ ಹತ್ತಿದ್ದು ಆ ಬಸ್ಸಿನಲ್ಲಿ.

ಮನೆಗೆ ಬಂದಾಗ ಐದು ಗಂಟೆ. ಅಮ್ಮ ಆಗತಾನೇ ಬಂದು ಕಾಲು ತೊಳೆಯುತ್ತಿದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ, ಅಜ್ಜಿ ಪಕ್ಕದ ಮನೆಯವರ ಅಂಗಳದಲ್ಲಿ ಹಪ್ಪಳ ಎತ್ತುತ್ತಿದ್ದಳು. ಹೇಗಾಯ್ತು ಎಂದು ಅಮ್ಮ ಕೇಳಿದಳು. ನಾನು ಅದಕ್ಕೆ ಉತ್ತರ ಕೊಡದೆ, ಬಡ್ತಿಯ ವಿಷಯಕ್ಕೆ ನೀನು ಏನು ಹೇಳಿದೆ ಎಂದು ಕೇಳಿದೆ. ನಾನು ಬರ್ಕೊತಿದ್ದೆ ಅಂದಳು. ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ, ಇದ್ದದ್ದನ್ನು ಹೇಳಿದಳು. ಬರೆಯುತ್ತ ಮಾತಾಡಲಾಗದು, ಮಾತಾಡಿದರೆ ಕೈ ತಪ್ಪುತ್ತದೆ. ನಾನು ನೋಟ್‌ಬುಕ್ ತೆಗೆದು ಅಕ್ಕಿ ಡಬ್ಬದ ಮೇಲೆ ಕೂತೆ. ನೀನು ಹೇಳು, ನಾನು ಬರೀತೀನಿ ಅಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಆಮೇಲೆ ಅವಳು ಒದ್ದೆ ಕಾಲಲ್ಲೇ ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದಳು, ಕೈ ಹಿಂದೆ ಕಟ್ಟಿಕೊಂಡು. ಸಾಹೇಬರು ಹೀಗೇ ನಡೆಯುತ್ತಾರೇನೋ. ನನಗೆ ಕನ್ನಡ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ, ಅವಳ ಕನ್ನಡವನ್ನು ಮಲಯಾಳ ಅಕ್ಷರಗಳಲ್ಲಿ ಬರೆಯುತ್ತ ಹೋದೆ. ನಾನು ಹಿಂದೆ ಬಿದ್ದರೆ ಅವಳು ನಿಂತು, ನನ್ನ ಪೆನ್ನು ನೋಡಿ, ಮತ್ತೆ ಶುರು ಮಾಡುತ್ತಿದ್ದಳು.

“ನಂಗೆ ಹೋಗ್ಬೇಕು. ಅದ್ರಿಂದ ಈ ಮನೆಗೆ ಏನೂ ಉಪಯೋಗ ಇಲ್ಲ, ಗೊತ್ತು. ಅತ್ತೆಗೆ ಕಷ್ಟ ಆಗತ್ತೆ. ಸುಮಿ ಅಳ್ತಾಳೆ. ಶನಿವಾರ ಬರ್ತೀನಿ, ಭಾನುವಾರ ಹೋಗ್ತೀನಿ. ಆದ್ರೂ ನಂಗೆ ಹೋಗ್ಬೇಕು. ಇಪ್ಪತ್ತು ವರ್ಷ ಆಯ್ತು. ಒಂದು ಮೇಜಿನ ಮುಂದೆ ಕೂತು, ನಾನೇ ಯೋಚನೆ ಮಾಡಿ, ನಾಲ್ಕು ಸಾಲು ಬರೀಬೇಕು. ಬರೆಯೋಕೆ ಏನಿದೆ ಅಂತ ನಂಗೇ ಗೊತ್ತಿಲ್ಲ. ಅದನ್ನೇ ನೋಡ್ಬೇಕು.”

ಅಮ್ಮನಿಗೆ ಮಲಯಾಳ ಮಾತು ಬರುತ್ತಿತ್ತು, ಓದಲು ಬಸ್ಸಿನ ಬೋರ್ಡಿನಷ್ಟೇ. ನನ್ನ ಕೋಳಿಕಾಲಿನ ಬರಹವಂತೂ ಅವಳ ಓದಿಗೆ ಸಿಕ್ಕುವ ಹಾಗೇ ಇರಲಿಲ್ಲ. ನಾನು ಏನು ಬರೆದೆ, ಏನು ಬಿಟ್ಟೆ ಎಂದು ನೋಡಿ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇಲ್ಲ. ಈ ಯೋಚನೆ ನನಗೆ ಬಂತು, ಮುಚ್ಚಿಡುವುದಿಲ್ಲ. ಆ ಎರಡು ‘ಹೋಗ್ಬೇಕು’ಗಳ ಮೇಲೂ ಅವುಗಳ ಜೊತೆಗಿನ ಸಾಲುಗಳ ಮೇಲೂ ಗೀಟು ಎಳೆದರೆ ಸಾಕು. ಕಷ್ಟ ಆಗತ್ತೆ, ಅಳ್ತಾಳೆ ಅನ್ನುವುದಷ್ಟೇ ಉಳಿಯುತ್ತದೆ. ಓದಿ ಹೇಳಿದಾಗ ತಾನು ಹೇಳಿದ್ದು ಹೀಗಲ್ಲ ಎಂದು ಅವಳು ವಾದಿಸುವವಳೂ ಅಲ್ಲ, ಸುಮ್ಮನಾಗಿಬಿಡುತ್ತಾಳೆ. ನಾಡಿದ್ದಕ್ಕೆ ಗಡುವು ಮುಗಿಯುತ್ತದೆ. ಅವಳು ನನ್ನ ಜಡೆ ಎಳೆದು ಬಸ್ಸಿಗೆ ಓಡುತ್ತಾಳೆ. ಪೆನ್ನಿನ ತುದಿ ಆ ಪದದ ಮೇಲೆ ಎಷ್ಟು ಹೊತ್ತು ನಿಂತಿತ್ತೋ, ಕಾಗದದಲ್ಲಿ ಶಾಯಿಯ ಚುಕ್ಕೆ ದೊಡ್ಡದಾಯಿತು. ಬರೆದಾಯ್ತಾ ಎಂದು ಅಮ್ಮ ಕೇಳಿದಳು. ಆಯ್ತು ಅಂದೆ.

ಮರುದಿನ ಸಂಜೆ ಕಾಫಿಗೆ ಎಲ್ಲರೂ ಕೂತಾಗ ನಾನು ನೋಟ್‌ಬುಕ್ ತೆರೆದೆ. ಅಮ್ಮನ ದನಿಯಲ್ಲಿ ಓದಲು ನೋಡಿದೆ, ಆಗಲಿಲ್ಲ, ‘ಸುಮಿ ಅಳ್ತಾಳೆ’ ಅನ್ನುವಲ್ಲಿ ಸುಮಿ ಅತ್ತೇಬಿಟ್ಟಳು. ಮೂಗೊರೆಸಿಕೊಂಡು ಮುಂದಕ್ಕೆ ಓದಿದೆ. ಒಂದಕ್ಷರ ಬಿಡಲಿಲ್ಲ. ಅಪ್ಪ ಪೇಪರನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಅಂಗೈಯಷ್ಟು ಮಾಡಿದ. ನಾಳೆಯೇ ಒಪ್ಪಿಗೆ ಕೊಟ್ಟುಬಿಡು ಎಂದು ಕೊನೆಗೆ ಅಂದ, ಯಾರ ಮುಖವನ್ನೂ ನೋಡದೆ. ಅಜ್ಜಿ ನನ್ನ ಕಡೆ ತಿರುಗಿ, ಇನ್ನೊಂದು ಸಲ ಓದು ಅಂದಳು. ಓದಿದೆ. ಅವಳು ಲೋಟವನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

“ಇಷ್ಟು ವರ್ಷ ಇವಳ ಜೊತೆ ಮಾತಾಡ್ತಾ ಇದ್ದೀನಿ ಅಂದ್ಕೊಂಡಿದ್ದೆ ಕಣೋ. ಮಾತಾಡ್ತಾ ಇದ್ದಿದ್ದು ನಾನೊಬ್ಬಳೇ.”

ಅಮ್ಮ ಅದನ್ನು ಬರೆದುಕೊಳ್ಳಲಿಲ್ಲ.